ಕೊಟ್ಟೂರಿನ ಪ್ರೆಸ್ಸಿನಲ್ಲಿ ಜೋಡಿಸದೆ ಉಳಿದ ಮಾತು

‘ಳ’ ತೀರಿಹೋಗಿದೆ ಎಂದು ಕೊಟ್ಟೂರಿನಿಂದ ಚೀಟಿ ಬಂದದ್ದು ಒಂದು ಬುಧವಾರ. ಬಸ್ಸಿನ ಕಂಡಕ್ಟರು ಪ್ರೂಫಿನ ಸುರುಳಿಯ ಜೊತೆ ಅದನ್ನು ಗ್ರಂಥಾಲಯದ ಕಿಟಕಿಯಲ್ಲಿ ನನ್ನ ಕೈಗೆ ಕೊಟ್ಟು, ನಿಂತಿದ್ದ ಬಸ್ಸಿನ ಕಡೆ ಓಡಿದ. ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವ ಹಿರಿಯರು ಪೆನ್ಸಿಲಿನಲ್ಲಿ ಬರೆದಿದ್ದರು:

“ಅಮ್ಮಾರಿಗೆ ಶರಣು. ನಿಮ್ಮ ಪುಸ್ತಕದಾಗ ಹೆಣ್ಣುಮಕ್ಕಳು ಭಾಳ ಅದಾರ. ಬಂದಳು, ಕುಂತಳು, ಅತ್ತಳು ಅಂತ ಜೋಡಿಸಿ ಜೋಡಿಸಿ ಕೇಸಿನಾಗ ‘ಳ’ ಒಂದೂ ಉಳಿದಿಲ್ಲ. ಎರಡು ಪುಟ ನಿಂತಾವು. ಏನ್ ಮಾಡ್ಲಿ ತಿಳಸ್ರಿ.”

ನಾನು ಆಗ ಹಗರಿಬೊಮ್ಮನಹಳ್ಳಿಯ ಗ್ರಂಥಾಲಯ ನೋಡಿಕೊಳ್ಳುತ್ತಿದ್ದೆ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹಳೇ ರಿಜಿಸ್ಟರುಗಳ ಹಿಂಬದಿಯ ಖಾಲಿ ಹಾಳೆಗಳಲ್ಲಿ ನಾಲ್ಕು ವರ್ಷ ಬರೆದ ಕಾದಂಬರಿ ಅದು. ದೊಡ್ಡ ಊರಿನ ಪ್ರಕಾಶಕರೊಬ್ಬರು ಅದನ್ನು ಎಂಟು ತಿಂಗಳು ಇಟ್ಟುಕೊಂಡು ವಾಪಸು ಕಳಿಸಿದ್ದರು. “ಭಾಷೆ ಚೆನ್ನಾಗಿದೆ. ಕೊನೆ ಬಹಳ ಭಾರವಾಯಿತು. ಹುಡುಗಿ ಮನೆಗೆ ಮರಳುವ ಹಾಗೆ ಮಾಡಿದರೆ ಯೋಚಿಸಬಹುದು” ಎಂದು ಜೊತೆಗೊಂದು ಕಾಗದವಿತ್ತು. ಹುಡುಗಿಯನ್ನು ಮರಳಿಸುವುದು ನನ್ನ ಕೈಯಲ್ಲಿದ್ದಿದ್ದರೆ ಕಾದಂಬರಿಯನ್ನೇ ಬರೆಯುತ್ತಿರಲಿಲ್ಲ ಎಂದು ಅವರಿಗೆ ಉತ್ತರ ಬರೆದೆ, ಅಂಚೆಗೆ ಹಾಕಲಿಲ್ಲ. ಕೊಟ್ಟೂರಿನಲ್ಲಿ ಲಗ್ನಪತ್ರಿಕೆ, ಶಿವಗಣಾರಾಧನೆಯ ಪತ್ರಿಕೆ, ಶಾಲೆಗಳ ಪ್ರಶ್ನೆಪತ್ರಿಕೆ ಅಚ್ಚು ಹಾಕುವ ಒಂದು ಪ್ರೆಸ್ಸಿತ್ತು. ಅದರ ಮಾಲೀಕರು ನಮ್ಮ ಗ್ರಂಥಾಲಯದ ಓದುಗರು. “ನಾವು ಹಾಕ್ತೀವಿ ಬಿಡ್ರಿ ಮೇಡಂ, ಒಂದು ಪುಸ್ತಕನಾದ್ರೂ ಆಗ್ಲಿ ನಮ್ಮ ಪ್ರೆಸ್ಸಿನ ಹೆಸರಾಗ” ಎಂದು ಅವರೇ ಕೇಳಿ ಒಯ್ದರು.

ಕೈಯಿಂದ ಮೊಳೆ ಜೋಡಿಸುವ ಪ್ರೆಸ್ಸು. ಅಕ್ಷರಕ್ಕೊಂದು ಸೀಸದ ಮೊಳೆ, ಮೊಳೆಗಳಿಗೆ ಗೂಡು ಗೂಡಿನ ಮರದ ಕೇಸು. ಇದ್ದ ಮೊಳೆಗೆ ಒಮ್ಮೆಗೆ ಎಂಟು ಪುಟ, ಅಂದರೆ ಒಂದು ಫಾರಂ, ಮಾತ್ರ ಏಳುತ್ತಿತ್ತು. ಎಂಟು ಪುಟ ಜೋಡಿಸಿ, ಪ್ರೂಫು ತೆಗೆದು, ನಾನು ತಿದ್ದಿ ಕಳಿಸಿ, ಅವರು ಅಚ್ಚು ಹಾಕಿ, ಮೊಳೆಗಳನ್ನೆಲ್ಲ ಬಿಚ್ಚಿ ಗೂಡಿಗೆ ಹಾಕಿದ ಮೇಲೆ ಮುಂದಿನ ಎಂಟು. ನಡುವೆ ಲಗ್ನದ ಹಂಗಾಮು ಬಂದರೆ ನಾನು ಕಾಯಬೇಕು. ಲಗ್ನಪತ್ರಿಕೆಗೆ ಬೇಕಾದ ಅಕ್ಷರಗಳು ಅಲ್ಲಿ ರಾಶಿ ರಾಶಿ ಇದ್ದವು. ಆದರೆ ಲಗ್ನಪತ್ರಿಕೆಯಲ್ಲಿ ಯಾವ ಹೆಂಗಸೂ ಬಂದಳು, ಹೋದಳು, ಅತ್ತಳು ಎಂದು ಬರುವುದಿಲ್ಲವಲ್ಲ. ‘ಳ’ಕ್ಕೆ ಅವರು ಇಟ್ಟಿದ್ದ ಗೂಡು ಅಂಗೈಯಷ್ಟು.

ಹರಪನಹಳ್ಳಿಯಲ್ಲಿ ಒಂದು ಪ್ರೆಸ್ಸು ಕಂಪ್ಯೂಟರಿಗೆ ಬದಲಾಗಿದೆ, ಹಳೇ ಮೊಳೆ ಚೀಲದಲ್ಲಿ ಬಿದ್ದಿವೆ ಎಂದು ಮಾಲೀಕರು ಹೇಳಿದರು. ಸೋಮವಾರ ಗ್ರಂಥಾಲಯಕ್ಕೆ ರಜೆ. ನಾನೇ ಹೋದೆ. ಒಂದು ಮುಂಜಾನೆಯೆಲ್ಲ ಅವರ ಅಂಗಳದಲ್ಲಿ ಕೂತು, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ, ಒಂದೇ ಗಾತ್ರದ ‘ಳ’ಗಳನ್ನು ಆರಿಸಿ ಊಟದ ಡಬ್ಬಿಗೆ ತುಂಬಿದೆ. ಬಸ್ಸಿನಲ್ಲಿ ಡಬ್ಬಿ ಗಲಗಲ ಅನ್ನುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಅಜ್ಜಿ ಅರ್ಧ ದಾರಿಯವರೆಗೂ ತಡೆದುಕೊಂಡು, ಆಮೇಲೆ ಕೇಳಿಯೇಬಿಟ್ಟರು.

“ಏನೈತವಾ ಅದ್ರಾಗ, ಹುರಗಡ್ಲಿನಾ?”

“‘ಳ’ ಐತ್ರಿ.”

“ಏನಂದಿ?”

ಮುಚ್ಚಳ ತೆಗೆದು ತೋರಿಸಿದೆ. ಬಗ್ಗಿ ನೋಡಿ, “ಹಲ್ಲಿಗೆ ಬರಂಗಿಲ್ಲ ತಗಿ” ಎಂದು ಕಿಟಕಿಯ ಕಡೆ ತಿರುಗಿದರು.

ಆ ‘ಳ’ಗಳು ಕೊಟ್ಟೂರಿನ ಮೊಳೆಗಳಿಗಿಂತ ಕಡಿಮೆ ಸವೆದಿದ್ದವು. ಈಗಲೂ ಪುಸ್ತಕದ ಎರಡನೇ ಅರ್ಧ ತೆಗೆದು ನೋಡಿದರೆ ‘ಳ’ ಉಳಿದ ಅಕ್ಷರಗಳಿಗಿಂತ ಕೂದಲೆಳೆಯಷ್ಟು ದಪ್ಪ ಕಾಣುತ್ತದೆ.

ಮೊದಲ ಫಾರಂ ಅಚ್ಚಾದಾಗಲೇ ಊರಿಗೆಲ್ಲ ನನ್ನ ಪುಸ್ತಕದ ಸುದ್ದಿ ಗೊತ್ತಾಗಿತ್ತು. ಬಂದವರೆಲ್ಲ “ಎಲ್ಲಿಗೆ ಬಂತ್ರಿ?” ಎಂದೇ ಮಾತು ಶುರು ಮಾಡುವರು. ಅವರಲ್ಲಿ ಹಟ ಹೆಚ್ಚು ಸಂತೆ ಬೀದಿಯ ಹೊಲಿಗೆಯಾಕೆಗೆ. ಬ್ಲೌಸು ಹೊಲಿಯುವ ಆ ಹೆಣ್ಣುಮಗಳು ವಾರಕ್ಕೊಂದು ಕಾದಂಬರಿ ಓದುವಳು. ಬಂದವಳೇ ಕೇಳುತ್ತಿದ್ದದ್ದು ಒಂದೇ: “ಅಳು ಬರೂದು ಕೊಡ್ರಿ.” ನಗಿಸುವ ಪುಸ್ತಕ ಕೊಟ್ಟರೆ ಮರುದಿನವೇ ತಂದು ಮೇಜಿನ ಮೇಲೆ ಇಡುತ್ತಿದ್ದಳು. ಅವಳೇ ಒಮ್ಮೆ ಅಂದಳು: “ದಿನಾ ಬಾಯಿಲೆ ಹೇಳಿ ಸುಸ್ತಾಗಬ್ಯಾಡ್ರಿ ಮೇಡಂ. ‘ಹೊಸ ಪುಸ್ತಕಗಳು’ ಅಂತ ಕರೇ ಬೋರ್ಡ್ ಐತೆಲ್ಲ, ಅದರ ಮೂಲ್ಯಾಗ ಬರೀರಿ.”

ಅಂದಿನಿಂದ ಬೋರ್ಡಿನ ಬಲ ಮೂಲೆ ನನ್ನ ಪುಸ್ತಕದ್ದಾಯಿತು. ‘ಮೂರನೇ ಫಾರಂ ಅಚ್ಚಾಯಿತು.’ ‘ಲಗ್ನದ ಕೆಲಸದಿಂದ ಎರಡು ವಾರ ತಡ.’ ‘ಳ ಸಿಕ್ಕಿತು.’ ‘ಹದಿನಾಲ್ಕನೇ ಫಾರಂ ಪ್ರೂಫು ಬಂದಿದೆ.’ ಸೀಮೆಸುಣ್ಣದಲ್ಲಿ ಹೀಗೆ ಬರೆಯುವಾಗ ಮಗುವಿನ ತೂಕ ಬರೆದಿಡುವ ತಾಯಿಯ ಹಾಗೆ ನನಗೇ ನಗು ಬರುತ್ತಿತ್ತು.

ಒಂದು ದಿನ ಅವಳನ್ನು ಕೇಳಿದೆ, “ಅಲ್ಲವಾ, ದಿನವಿಡೀ ಮಿಷನ್ ತುಳಿದು ಸಾಕಾಗಿರತೈತಿ. ಮತ್ತ ಅಳೂ ಪುಸ್ತಕ ಯಾಕ ಬೇಕು ನಿನಗ?”

“ಮನ್ಯಾಗ ಸುಮ್ನ ಅತ್ರ ಯಾಕಂತ ಕೇಳ್ತಾರ್ರೀ” ಎಂದಳು, “ಕೈಯಾಗ ಪುಸ್ತಕ ಇದ್ರ ಯಾರೂ ಕೇಳಂಗಿಲ್ಲ. ಪುಸ್ತಕಕ್ಕ ಅಳಾಕತ್ಯಾಳ ಅಂತಾರ. ನಂದೂ ಒಂದೀಟು ಅದರಾಗ ಸೇರಿಸಿ ಅತ್ತು ಎದ್ದುಬಿಡ್ತೀನಿ.”

ಈ ಮಾತು ನನಗೆ ತಾಗಿತು. ಏಕೆಂದರೆ ನಾನು ಮಾಡುತ್ತಿದ್ದದ್ದೂ ಅದನ್ನೇ. ಕಾದಂಬರಿಯ ಹುಡುಗಿಗೆ ಚಂದ್ರಿ ಎಂದು ಹೆಸರಿಟ್ಟಿದ್ದೆ. ಅವಳು ನನ್ನ ತಂಗಿ.

ತಂಗಿ ಬೇರೆ ಜಾತಿಯ ಮೇಷ್ಟ್ರೊಬ್ಬರನ್ನು ಮದುವೆಯಾಗುತ್ತೇನೆಂದು ನಿಂತ ದಿನ ಅಪ್ಪ ಪಡಸಾಲೆಯಲ್ಲಿ ಕೂತು ಅಂದಿದ್ದರು: “ಹೊಸ್ತಿಲ ದಾಟೂದಾದ್ರ ದಾಟು. ಬರ್ತೀನಿ ಅಂತ ಮಾತ್ರ ಅನಬ್ಯಾಡ.” ಅವಳು ಕೈಚೀಲ ಹೆಗಲಿಗೆ ಹಾಕಿಕೊಂಡು, “ಹೋಗ್ತೀನಿ” ಎಂದಳು. ಹೋದಳು. ಆಗ ನಮ್ಮೂರ ಸ್ಟೇಷನ್ನಿಗೆ ಪ್ಯಾಸೆಂಜರ್ ರೈಲು ಬರುತ್ತಿತ್ತು. ಆಮೇಲೆ ರೈಲೂ ನಿಂತಿತು. ಅವಳಿಂದ ಬಂದ ಎರಡು ಕಾರ್ಡುಗಳನ್ನು ಅಪ್ಪ ವಾಪಸು ಕಳಿಸಿದರು. ಅಪ್ಪ ತೀರಿಕೊಂಡ ಮೇಲೆ ಆ ವಿಳಾಸಕ್ಕೆ ನಾನು ಬರೆದೆ. ‘ವಿಳಾಸದಾರರು ಇಲ್ಲ’ ಎಂಬ ಮುದ್ರೆಯೊಂದಿಗೆ ಕಾಗದ ನನಗೇ ಬಂತು. ಹರಪನಹಳ್ಳಿ ಕಡೆ ನೋಡಿದೆವು ಎಂದು ಒಬ್ಬರು, ಹಡಗಲಿ ಕಡೆ ಎಂದು ಇನ್ನೊಬ್ಬರು. ಪುಸ್ತಕ ಓದುವ ಹುಡುಗಿ ಅವಳು. ಎಲ್ಲಿದ್ದರೂ ಒಂದು ಗ್ರಂಥಾಲಯ ಹುಡುಕಿಕೊಂಡಿರುತ್ತಾಳೆ ಎಂಬುದಷ್ಟೇ ನನಗೆ ಗೊತ್ತಿತ್ತು. ಕಾದಂಬರಿಯಲ್ಲಿ ಊರು, ಹೆಸರು, ಕೆಲಸ ಎಲ್ಲ ಬದಲಿಸಿದ್ದೆ. ಕೊನೆಯ ಪುಟದಲ್ಲಿ ಚಂದ್ರಿ ಬಾಗಿಲಲ್ಲಿ ಹೇಳುವ “ಹೋಗ್ತೀನಿ” ಒಂದನ್ನು ಮಾತ್ರ ಇದ್ದ ಹಾಗೇ ಇಟ್ಟಿದ್ದೆ. ನಮ್ಮ ಕಡೆ ಯಾರೂ ಆಡದ ಮಾತು ಅದು. ಅದನ್ನು ಓದಿದರೆ ತಂಗಿಗೆ ತಿಳಿಯುತ್ತದೆ, ಇದು ಅಕ್ಕ ಬರೆದದ್ದೆಂದು.

ಹದಿನೈದನೇ ಫಾರಂ, ಕೊನೆಯದು, ಬಂತು. ಬೆಳಗಿನ ಓದುಗರು ಹೋದ ಮೇಲೆ ಕೆಂಪು ಪೆನ್ನು ಹಿಡಿದು ಕೂತೆ. ಕೊನೆಯ ಪುಟದಲ್ಲಿ ಚಂದ್ರಿ ಬಾಗಿಲಲ್ಲಿ ನಿಂತು “ಬರ್ತೀನಿ” ಎಂದಿದ್ದಳು. ಕೈತಪ್ಪು ಅಂದುಕೊಂಡೆ. ಹೊಡೆದು, ಅಂಚಿನಲ್ಲಿ ‘ಹೋಗ್ತೀನಿ’ ಎಂದು ಬರೆದು ಕಳಿಸಿದೆ. ಶುಕ್ರವಾರ ಎರಡನೇ ಪ್ರೂಫು ಬಂತು. ಬೇರೆ ಏಳು ತಪ್ಪು ಸರಿಯಾಗಿದ್ದವು. ಚಂದ್ರಿ ಮಾತ್ರ “ಬರ್ತೀನಿ” ಎಂದೇ ಅಂದಳು. ಈ ಸಲ ಎರಡು ಗೆರೆ ಎಳೆದು, ಸುತ್ತ ವೃತ್ತ ಹಾಕಿ, ‘ದಯವಿಟ್ಟು ಗಮನಿಸಿ’ ಎಂದು ಬರೆದೆ. ಮೂರನೆಯದು ಬಂತು. “ಬರ್ತೀನಿ.”

ಬೋರ್ಡಿನಲ್ಲಿ ಏನು ಬರೆಯಲಿ? ‘ಕೊನೆಯ ಪುಟ ನಿಂತಿದೆ’ ಎಂದಷ್ಟೇ ಬರೆದೆ. ಹೊಲಿಗೆಯಾಕೆ ಓದಿ, “ಈಗ ಏನ್ ತೀರ್ತ್ರೀ, ‘ಕ’ ನೋ ‘ಖ’ ನೋ?” ಎಂದಳು. ನನಗೆ ನಗು ಬರಲಿಲ್ಲ.

ಸೋಮವಾರ ಮೊದಲ ಬಸ್ಸಿಗೆ ಕೊಟ್ಟೂರಿಗೆ ಹೋದೆ. ಪ್ರೆಸ್ಸಿನ ಒಳಗೆ ಶಾಯಿಯ, ಸೀಮೆಎಣ್ಣೆಯ ವಾಸನೆ. ಮಾಲೀಕರು ಹೊರಗೆ ಹೋಗಿದ್ದರು. ಹಿರಿಯರು ಕಿಟಕಿಯ ಹತ್ತಿರ ಕೇಸಿನ ಮುಂದೆ ನಿಂತಿದ್ದರು. ಎಡಗೈಯಲ್ಲಿ ಮೊಳೆ ಜೋಡಿಸುವ ಕಬ್ಬಿಣದ ಸ್ಟಿಕ್ಕು, ಬಲಗೈ ನೋಡದೆಯೇ ಗೂಡಿನಿಂದ ಗೂಡಿಗೆ ಓಡುತ್ತಿತ್ತು. ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿದ್ದರು. ನನ್ನನ್ನು ಕಂಡು ಸ್ಟಿಕ್ಕು ಕೆಳಗಿಟ್ಟರು.

“ಬರ್ರಿ ಅಮ್ಮಾರ. ನೀವು ಬರ್ತೀರಿ ಅಂತ ಗೊತ್ತಿತ್ತು.”

“ಗೊತ್ತಿದ್ದೂ ಯಾಕ ಮಾಡಿದ್ರಿ ಅಣ್ಣಾರ? ಎರಡು ಸಲ ತಿದ್ದಿ ಕಳಿಸೀನಿ.”

ಅವರು ಬೆರಳಿನ ಶಾಯಿಯನ್ನು ಅರಿವೆಯಿಂದ ಒರೆಸಿಕೊಂಡರು. “ಆ ಮಾತು ನನ್ನ ಕೈಯಾಗ ಏಳವಲ್ದ್ರಿ. ಮೂವತ್ತು ವರ್ಷ ಆತು ನಿಂತು ಈ ಕೇಸಿನ ಮುಂದ. ಸತ್ತೋರ ಪತ್ರಿಕಿನೂ ಜೋಡಸ್ತೀನಿ. ಅವರನ್ನೂ ‘ಹೋದ್ರು’ ಅಂತ ಒಂದು ದಿನಾನೂ ಹಾಕಿಲ್ಲ, ‘ಲಿಂಗೈಕ್ಯರಾದರು’ ಅಂತ ಹಾಕ್ತೀನಿ. ಇದು ಜೀವಂತ ಹುಡುಗಿ. ಆಕಿ ಬಾಯಾಗ ‘ಹೋಗ್ತೀನಿ’ ಅಂತ ಹೆಂಗ ಇಡ್ಲಿ ಹೇಳ್ರಿ?”

“ಅದು ಕತಿ ಅಣ್ಣಾರ. ಆಕಿ ಹಂಗ ಅಂದಿದ್ದಕ್ಕ ಕತಿ ಐತಿ.”

“ಕತಿನ ಅನ್ರಿ. ನಮ್ಮ ಮನಿ ಹುಡುಗರು ಬಾಯಿ ತಪ್ಪಿ ‘ಹೋಗ್ತೀನಿ’ ಅಂದ್ರ ನಾವು ಸುಮ್ನ ಬಿಡ್ತೀವೇನು? ಎಲ್ಲಿದ್ರೂ ಓಡಿ ಬಂದು ‘ಹೋಗ್ತೀನಿ ಅನಬಾರ್ದವಾ, ಬರ್ತೀನಿ ಅನ್ನು’ ಅಂತ ಅನಿಸಿನ ಕಳಸ್ತೀವಿ.” ನನ್ನ ಹಸ್ತಪ್ರತಿಯ ಕೊನೆಯ ಹಾಳೆಯನ್ನು ಎತ್ತಿ ಬೆಳಕಿಗೆ ಹಿಡಿದರು. “ನಾನು ಇದನ್ನ ನಾಕು ಸಲ ಓದೀನ್ರಿ. ಅಪ್ಪ ಕುಂತಾನ, ಹುಡುಗಿ ನಿಂತಾಳ. ಅಪ್ಪ ಬಿಡ್ರಿ, ಸಿಟ್ಟಿನ ಮನುಷ್ಯ. ಆದ್ರ ಅಷ್ಟು ದೊಡ್ಡ ಮನ್ಯಾಗ ‘ಬರ್ತೀನಿ ಅನ್ನವಾ’ ಅನ್ನಾಕ ಇನ್ನೊಬ್ರೂ ಇರಲಿಲ್ಲೇನು?”

ನಾನು ಕಾಗದದ ರೀಮುಗಳ ಪಕ್ಕ ಇದ್ದ ಬೆಂಚಿನ ಮೇಲೆ ಕೂತೆ.

ಇದ್ದರು. ನಾನಿದ್ದೆ. ನಡುಮನೆಯ ಬಾಗಿಲ ಹಿಂದೆ ಶೇಂಗಾ ಸುಲಿಯುತ್ತ ಕೂತಿದ್ದೆ. ನಾಲ್ಕು ವರ್ಷ ಬರೆದೆ, ಮೂರು ಸಲ ತಿದ್ದಿ ಬರೆದೆ. ಅಪ್ಪನ ಕೋಲು, ತಂಗಿಯ ಚೀಲದ ಹರಿದ ಹಿಡಿಕೆ, ಹೊಸ್ತಿಲ ಮೇಲಿನ ಅರಿಶಿನ, ಏನನ್ನೂ ಬಿಟ್ಟಿರಲಿಲ್ಲ. ನನ್ನನ್ನೊಬ್ಬಳನ್ನು ಬಿಟ್ಟಿದ್ದೆ. ಕಾದಂಬರಿಯಲ್ಲಿ ಚಂದ್ರಿಗೆ ಅಕ್ಕನೇ ಇರಲಿಲ್ಲ. ಪ್ರಕಾಶಕರು ಕೊನೆ ಭಾರವಾಯಿತು ಎಂದಾಗ ನಾನು ಒಳಗೊಳಗೇ ಹೆಮ್ಮೆಪಟ್ಟಿದ್ದೆ. ಆ ಭಾರವನ್ನೆಲ್ಲ ಅಪ್ಪನ ತಲೆಯ ಮೇಲೆ ಹೊರಿಸಿ, ನನ್ನ ಪಾಲಿನದನ್ನು ಇಳಿಸಿಕೊಂಡಿದ್ದೆ ಎಂದು ಆ ಬೆಂಚಿನ ಮೇಲೆ ಕೂತಾಗ ಗೊತ್ತಾಯಿತು. ತಂಗಿ ಈ ಪುಸ್ತಕ ಓದಿದರೆ ಮೊದಲು ಹುಡುಕುವುದು ನನ್ನನ್ನೇ.

“ಅಣ್ಣಾರ, ಕೊನೇ ಪುಟದಾಗ ಜಾಗ ಎಷ್ಟೈತಿ?”

“ಹನ್ನೆರಡು ಸಾಲು ಖಾಲಿ ಐತ್ರಿ. ಬೋಳು ಕಾಣತೈತಿ ಅಂತ ಲಗ್ನಪತ್ರಿಕಿ ಹೂವಿನ ಬ್ಲಾಕ್ ಒಂದು ತೆಗೆದಿಟ್ಟೀನಿ.”

“ಹೂವು ಬ್ಯಾಡ. ಹನ್ನೆರಡು ಸಾಲು ನನಗ ಕೊಡ್ರಿ.”

ಕೆಟ್ಟುಹೋದ ಪ್ರೂಫಿನ ಹಾಳೆಯ ಹಿಂಬದಿಯಲ್ಲಿ ಬರೆಯತೊಡಗಿದೆ. ಒಂದು ಸಾಲಿಗೆ ಎಷ್ಟು ಅಕ್ಷರ ಹಿಡಿಯುತ್ತದೆ ಎಂದು ಅವರು ಹೇಳಿದರು. ಎಣಿಸಿ ಎಣಿಸಿ ಬರೆದೆ. ಮೊದಲ ಸಲ ಹದಿನೇಳು ಸಾಲಾಯಿತು. ಅಕ್ಕನ ಭಯ, ಅಕ್ಕನ ಪ್ರೀತಿ, ಆಮೇಲಿನ ಪಶ್ಚಾತ್ತಾಪ ಎಲ್ಲ ಅದರಲ್ಲಿತ್ತು. ಐದು ಸಾಲು ಹೊಡೆಯಬೇಕಿತ್ತು. ಪಶ್ಚಾತ್ತಾಪ ಹೊಡೆದೆ. ಪ್ರೀತಿಯನ್ನೂ ಹೊಡೆದೆ. ಉಳಿದದ್ದು ಇಷ್ಟು: ನಡುಮನೆಯ ಬಾಗಿಲ ಹಿಂದೆ ಅಕ್ಕ ಮೊರ ಇಟ್ಟುಕೊಂಡು ಕೂತಿದ್ದಳು. ತಂಗಿಯ ಮಾತು ಕೇಳಿಸಿತು. ಹೋಗ್ತೀನಿ ಅನಬಾರದು, ಬರ್ತೀನಿ ಅನ್ನು ಎನ್ನುವ ಮಾತು ಅಕ್ಕನ ನಾಲಿಗೆಯ ತನಕ ಬಂತು. ಚಂದ್ರಿ ಹೊಸ್ತಿಲಲ್ಲಿ ಸ್ವಲ್ಪ ಹೊತ್ತು ನಿಂತಳು, ಯಾರಾದರೂ ತಿದ್ದುತ್ತಾರೇನೋ ಎಂದು. ಅಕ್ಕ ಒಂದು ಶೇಂಗಾಕಾಯಿ ಒಡೆದಳು. ಆ ಸದ್ದು ತಂಗಿಗೂ ಕೇಳಿಸಿರಬೇಕು. ಅಕ್ಕ ಏನೂ ಅನ್ನಲಿಲ್ಲ.

ಹಿರಿಯರು ನಿಂತೇ ಓದಿದರು. ಓದಿ ಕನ್ನಡಕ ತೆಗೆದು, ದಾರ ಸುತ್ತಿದ ಕಡ್ಡಿಯನ್ನು ಸುಮ್ಮನೆ ತಿರುವಿದರು.

“ಮೊದಲಿನಕಿಂತ ಜಾಸ್ತಿ ಆತಲ್ರಿ ಸಂಕಟ” ಎಂದರು.

“ಹೌದ್ರಿ.”

“ಆದ್ರ ಈಗ ಮನ್ಯಾಗ ಒಬ್ರು ಅದಾರ.” ನನ್ನ ಮುಖ ನೋಡಿದರು. ಸ್ಟಿಕ್ಕು ಕೈಗೆತ್ತಿಕೊಂಡು, “‘ಳ’ ಸಾಲ್ತಾವು. ‘ಅನ್ನಲಿಲ್ಲ’ ಅಂತ ಬರದೀರಿ, ‘ಲ’ ಬೇಕಾದಷ್ಟು ಅದಾವು” ಎಂದು ಕೆಲಸಕ್ಕೆ ನಿಂತರು.

ಹನ್ನೆರಡು ಸಾಲು ಅವರೇ ಜೋಡಿಸಿದರು. ‘ಬರ್ತೀನಿ’ಯನ್ನು ಚಿಮಟಿಗೆಯಿಂದ ಒಂದೊಂದೇ ಕಿತ್ತು ಗೂಡಿಗೆ ಹಾಕಿದರು. ಆ ಜಾಗ ಹಲ್ಲು ಕಿತ್ತ ಹಾಗೆ ಖಾಲಿ ನಿಂತಿತು.

“ಆ ಒಂದು ಮಾತು ನೀವ ಇಡ್ರಿ ಅಮ್ಮಾರ. ನನ್ನ ಕೈ ಬ್ಯಾಡ. ಕೇಳಿಸ್ಕೊಂಡೋರು ನೀವು, ಇಡೋರೂ ನೀವ ಆಗ್ಬೇಕು.”

ಅವರು ಯಾವಾಗ ತಿಳಿದುಕೊಂಡರೋ ನನಗೆ ಗೊತ್ತಿಲ್ಲ.

ಮೊಳೆಯ ಮೈಯಲ್ಲಿ ಒಂದು ಕಚ್ಚು ಇರುತ್ತದೆ, ಅದು ಮೇಲೆ ಬರಬೇಕು ಎಂದು ತೋರಿಸಿದರು. ಅಕ್ಷರ ತಲೆಕೆಳಗಾಗಿ ಕೂರುತ್ತದೆ. ಅವರು ಗೂಡು ತೋರಿಸಿದ ಹಾಗೆ ನಾನು ಎತ್ತಿದೆ. ಮೊದಲು ‘ಹೋ.’ “ಇದು ‘ವಿವಾಹ ಮಹೋತ್ಸವ’ದಾಗಿನ ‘ಹೋ’ ನೋಡ್ರಿ, ದಿನಾ ಲಗ್ನ ಮಾಡತೈತಿ” ಎಂದರು. ಆಮೇಲೆ ‘ಗ್ತೀ.’ ಆಮೇಲೆ ‘ನಿ.’ ‘ನಿ’ಯ ಕಚ್ಚು ಕೆಳಗಾಗಿ ಕೂತಿತು. ತೆಗೆದು ಮತ್ತೆ ಇಟ್ಟೆ. ಅವರು ಚೌಕಟ್ಟು ಬಿಗಿದು, ಶಾಯಿ ಉರುಳಿಸಿ, ಕಾಗದ ಒತ್ತಿ ತೆಗೆದರು. ಹಸಿ ಪ್ರೂಫಿನಲ್ಲಿ ಚಂದ್ರಿ ಮೊದಲ ಸಲ ತನ್ನ ಮಾತು ಆಡಿದಳು. ಕೆಳಗೆ ಹನ್ನೆರಡು ಸಾಲು, ಅಂಚಿನವರೆಗೂ ತುಂಬಿ. ನಾನು ಮೂಲೆಯಲ್ಲಿ ‘ಅಚ್ಚಿಗೆ ಹಾಕಬಹುದು’ ಎಂದು ಬರೆದು ಸಹಿ ಮಾಡಿದೆ.

ಹೊರಡುವಾಗ ಬಾಗಿಲಲ್ಲಿ ನಿಂತು, “ಬರ್ತೀನ್ರಿ ಅಣ್ಣಾರ” ಎಂದೆ.

“ಹಾಂ, ಹಂಗನ್ರಿ” ಎಂದರು.

ಪುಸ್ತಕ ಬಂದ ದಿನ ಬೋರ್ಡಿನ ಮೂಲೆ ಒರೆಸಿ, ಹೆಸರನ್ನು ‘ಹೊಸ ಪುಸ್ತಕಗಳು’ ಪಟ್ಟಿಗೆ ಸೇರಿಸಿದೆ. ಮೊದಲು ಒಯ್ದದ್ದು ಹೊಲಿಗೆಯಾಕೆ. ಮೂರನೇ ದಿನ ಕಣ್ಣು ಊದಿಸಿಕೊಂಡು ಬಂದು ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದಳು. “ಆ ಅಕ್ಕನ್ನ ಹಿಡದು ನಾಕು ಬಡೀಬೇಕ್ರಿ” ಎಂದಳು. ಮೂಗು ಒರೆಸಿಕೊಂಡು, “ಪಾಪ, ಆಕಿಗೂ ಅಪ್ಪನ ಅಂಜಿಕಿ ಇತ್ತೇನೋ” ಎಂದಳು. ಪುಸ್ತಕ ಮತ್ತೆ ಎತ್ತಿಕೊಂಡು, “ಇನ್ನೊಂದು ವಾರ ಬರಕೊಳ್ರಿ, ನಮ್ಮ ನಾದಿನಿ ಓದಬೇಕಂತ” ಎಂದು ವಾಪಸು ಒಯ್ದಳು.

ಅದು ಮರಳಿ ಬಂದಾಗ, ರೂಢಿಯಂತೆ ಹಾಳೆ ತಿರುವಿ ನೋಡಿದೆ. ‘ಪುಸ್ತಕದಲ್ಲಿ ಗೀಚಬಾರದು’ ಎಂದು ಗೋಡೆಗೆ ಬರೆಸಿದವಳು ನಾನೇ. ಗೀಚಿದ್ದನ್ನು ರಬ್ಬರಿನಿಂದ ಅಳಿಸುವುದೂ ನನ್ನ ಕೆಲಸ. ಕೊನೆಯ ಪುಟದಲ್ಲಿ ‘ಹೋಗ್ತೀನಿ’ಯ ಪಕ್ಕ ಯಾರೋ ಪೆನ್ಸಿಲಿನಲ್ಲಿ ಸಣ್ಣಗೆ ಬರೆದಿದ್ದರು: ‘ಬರ್ತೀನಿ ಅನ್ನವಾ.’ ರಬ್ಬರು ಕೈಗೆತ್ತಿಕೊಂಡೆ, ಮತ್ತೆ ಡ್ರಾದಲ್ಲಿಟ್ಟೆ. ಮುಂದಿನ ತಿಂಗಳುಗಳಲ್ಲಿ ಅಂಥವು ನಾಲ್ಕೈದು ಸೇರಿದವು, ಬೇರೆ ಬೇರೆ ಕೈಯವು. ಯಾರೂ ಅಕ್ಕನನ್ನು ಬಯ್ದು ಬರೆದಿರಲಿಲ್ಲ. ಅಕ್ಕ ಬಿಟ್ಟ ಮಾತನ್ನು ತಾವು ಆಡಿ ಹೋಗಿದ್ದರು.

ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಯ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕೊಟ್ಟಿದ್ದೆ. ಕೆಲಸದ ಮೇಲೆ ಆ ಊರುಗಳಿಗೆ ಹೋದಾಗಲೆಲ್ಲ ಕೊನೆಯ ಪುಟ ತೆಗೆಯುತ್ತೇನೆ. ಹುಡುಕುವುದು ‘ಬರ್ತೀನಿ’ಯೊಳಗಿನ ಒಂದು ಅರ್ಕಾವತ್ತನ್ನು. ತಂಗಿ ಅದರ ಬಾಲವನ್ನು ಮುಂದಿನ ಅಕ್ಷರದ ಮೇಲೆ ಕೊಡೆಯ ಹಾಗೆ ಬಾಗಿಸಿ ಬರೆಯುತ್ತಿದ್ದಳು. ಚಿಕ್ಕಂದಿನಲ್ಲಿ ಶಾಲೆಯಲ್ಲಿ ಹೊಡೆದರೂ ಬಿಟ್ಟಿರಲಿಲ್ಲ.

ಮೂರು ವರ್ಷದ ಮೇಲೆ ಹರಪನಹಳ್ಳಿಯ ಪ್ರತಿ ತೆಗೆದೆ. ರಟ್ಟು ಸಡಿಲಾಗಿತ್ತು. ಕೊನೆಯ ಪುಟದಲ್ಲಿ, ಅಲ್ಲಿಯ ಓದುಗರೂ ಬರೆದಿದ್ದ ಪೆನ್ಸಿಲಿನ ಗುರುತುಗಳ ಕೆಳಗೆ, ನೀಲಿ ಶಾಯಿಯಲ್ಲಿ ಎರಡೇ ಮಾತು: ‘ಬರ್ತೀನಿ ಅಕ್ಕ.’

ಅರ್ಕಾವತ್ತು ನೆಟ್ಟಗಿತ್ತು. ಬೆಳಕಿಗೆ ಹಿಡಿದು ನೋಡಿದೆ. ನೆಟ್ಟಗೇ ಇತ್ತು. ಆದರೆ ಅವಳು ಹೋದ ಈ ಇಪ್ಪತ್ತು ವರ್ಷದಲ್ಲಿ ನನ್ನ ಕೈಬರಹವೇ ಎಷ್ಟು ಬದಲಾಗಿದೆ. ಯಾರು ಯಾರು ಒಯ್ದಿದ್ದರೆಂದು ಕೇಳಿದೆ. ಹಿಂಬದಿಯ ಚೀಟಿಯಲ್ಲಿ ತಾರೀಖಿನ ಮುದ್ರೆಗಳಿದ್ದವು, ಹೆಸರಿರಲಿಲ್ಲ.

ಅಲ್ಲಿನ ಗ್ರಂಥಪಾಲಕರು ನನ್ನ ಹಿಂದೆ ಬಂದು ನಿಂತು ಇಣುಕಿದರು. ಲೇಖಕಿಯೇ ನೋಡಿಬಿಟ್ಟರಲ್ಲ ಎಂದು ಅವರಿಗೆ ಸಂಕೋಚ.

“ಪೆನ್ನಾಗ ಬರದುಬಿಟ್ಟಾರ ನೋಡ್ರಿ ಮೇಡಂ, ಏನ್ ಜನ. ಬ್ಲೇಡಿಲೆ ಕೆರೆದು ತೆಗೀಲಾ?”

“ಬ್ಯಾಡ್ರಿ” ಎಂದೆ. “ಇರ್ಲಿ.”

ಸಡಿಲಾದ ರಟ್ಟಿಗೆ ಅಂಟು ಹಾಕಿ, ಒಣಗುವ ತನಕ ಕೈಯಿಂದ ಒತ್ತಿ ಹಿಡಿದಿದ್ದೆ. ಆಮೇಲೆ ಅದನ್ನು ಕಪಾಟಿನಲ್ಲಿ, ಕೈಗೆ ಸಿಗುವ ಸಾಲಿನಲ್ಲೇ ಇಟ್ಟು, ಹೊಸ್ತಿಲಲ್ಲಿ ನಿಂತು “ಬರ್ತೀನ್ರಿ” ಎಂದು ಹೇಳಿ ಬಸ್‌ಸ್ಟ್ಯಾಂಡಿನ ಕಡೆ ನಡೆದೆ.